ತೆನೆ ಬರುವ ಮುಂಚೆ ಹೇಳಬೇಕಿತ್ತು

"ಈ ತಳಿಗೆ ಬೆಂಕಿ ರೋಗ ಬರಲ್ಲ ಅಂದಿದ್ರಿ ಅಲ್ವಾ ಮೇಡಂ?"

ಆ ಯುವ ರೈತ ಮೇಜಿನ ಮೇಲಿಟ್ಟ ಭತ್ತದ ತೆನೆಗಳು ಬಿಳಿಚಿಕೊಂಡಿದ್ದವು. ತೆನೆಯ ಕುತ್ತಿಗೆ ಕಪ್ಪಾಗಿತ್ತು. ಹಿಸುಕಿದರೆ ಬರೀ ಜೊಳ್ಳು!

ಬೀಜ ಕೇಂದ್ರದ ನಮ್ಮ ಹುಡುಗಿಗೆ ತಲೆ ಎತ್ತಲು ಧೈರ್ಯ ಬರಲಿಲ್ಲ. ಆ ತಳಿ ಕೊಟ್ಟವಳು ಅವಳೇ. 'ಔಷಧಿ ಹೊಡೆಯೋದೇ ಬೇಡ' ಎಂದವಳೂ ಅವಳೇ. ಅದು ಗೊತ್ತಿಲ್ಲದೆ ಆದ ತಪ್ಪು, ಬಿಡಿ. ಇನ್ನೊಂದಿದೆಯಲ್ಲ... ಅದನ್ನು ಹೇಗೆ ಬಾಯಿ ಬಿಡುವುದು?

ಹೋದ ತಿಂಗಳು ಕೇಂದ್ರದ ಗದ್ದೆಯಲ್ಲೇ, ಅದೇ ತಳಿಯ ಎಲೆಗಳ ಮೇಲೆ ರೋಗದ ಚುಕ್ಕೆ ಕಂಡಿತ್ತು. ತೆನೆ ಹೊರಬರುವ ಮುಂಚೆ ಔಷಧಿ ಹೊಡೆಯಿರಿ ಎಂದು ಬೀಜ ಒಯ್ದ ಎಲ್ಲರಿಗೂ ಫೋನ್ ಮಾಡಿದ್ದಳು. ಇವನೊಬ್ಬನನ್ನು ಬಿಟ್ಟು!

ಆ ಫೋನ್ ಮಾಡುವ ಹಿಂದಿನ ದಿನವಷ್ಟೇ ಅವನ ಅಮ್ಮ ಮನೆಗೆ ಬಂದು ಹೆಣ್ಣು ಕೇಳಿ ಹೋಗಿದ್ದರು. 'ಈಗ ಫೋನ್ ಮಾಡಿದರೆ ಹುಡುಗಿಗೆ ಎಷ್ಟು ಆತುರ ಅಂದುಕೊಂಡಾರು... ನಾಳೆ ಮಾಡಿದರಾಯಿತು.'

ಆ ನಾಳೆ ಬರಲೇ ಇಲ್ಲ.

"ಪಕ್ಕದ ಗದ್ದೆಯವರಿಗೆ ಫೋನ್ ಬಂತಂತೆ," ಅವನು ತೆನೆಗಳನ್ನು ಅವಳತ್ತ ಸರಿಸಿದ. "ನಾನು ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳಬಹುದಿತ್ತು. ಬೆಳೆ ಮೇಲೆ ಯಾಕೆ ಸಿಟ್ಟು?"

"ಅಯ್ಯೋ, ಸಿಟ್ಟಲ್ಲ ಕಣ್ರೀ... ನಾಚಿಕೆ!" ಅವಳ ಕಣ್ಣು ತುಂಬಿತು. "ಫೋನ್ ಕೈಗೆತ್ತಿಕೊಂಡು ಮತ್ತೆ ಇಟ್ಟುಬಿಟ್ಟೆ. ನನ್ನ ಹಾಳು ನಾಚಿಕೆಗೆ ನಿಮ್ಮ ಬೆಳೆ ಹೋಯ್ತು. ಕ್ಷಮಿಸಿ ಅನ್ನೋಕೂ ಮುಖ ಇಲ್ಲ ನನಗೆ."

ಅವನು ಕುರ್ಚಿ ಎಳೆದು ಕೂತ.

"ಎಲೆ ಮೇಲಿನ ಚುಕ್ಕೆ ನಾನೂ ನೋಡಿದ್ದೆ," ಎಂದ. "ಫೋನ್ ಮಾಡಿದ್ರೆ, ಉತ್ತರಕ್ಕೆ ಪೀಡಿಸ್ತಾನೆ ಅಂದ್ಕೋತೀರ ಅಂತ ಸುಮ್ನಾದೆ. ಅಮ್ಮನ್ನ ಕಳಿಸಿದ್ದೇ ನಾನಲ್ವಾ..."

"ಒಳ್ಳೇ ಜೋಡಿ!" ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಮರುಕ್ಷಣ ಏನೋ ಹೊಳೆದು ಎದ್ದು ನಿಂತಳು. "ಕೆರೆ ಪಕ್ಕದ ಗದ್ದೆಗೆ ತಡವಾಗಿ ನಾಟಿ ಮಾಡಿದ್ರಲ್ವಾ? ಅಲ್ಲಿ ತೆನೆ ಬಂದಿದ್ಯಾ?"

"ಇಲ್ಲ, ಇನ್ನೂ ಬಂದಿಲ್ಲ."

"ಮತ್ತೆ ಇಲ್ಲೇನು ಕೂತಿದ್ದೀರ? ಏಳಿ! ಇವತ್ತೇ ಹೊಡೆದ್ರೆ ಅದಾದ್ರೂ ಉಳಿಯತ್ತೆ."

ಕಪಾಟಿನಿಂದ ಔಷಧಿ ತೆಗೆದು ಅವನ ಕೈಗಿಟ್ಟಳು. "ಮುಂದಿನ ಬೆಳೆಗೆ ರೋಗ ತಡೆಯೋ ಬೇರೆ ತಳಿ ಕೊಡ್ತೀನಿ. ಆದ್ರೆ ಅದನ್ನೂ ಪೂರ್ತಿ ನಂಬೋದು ಬೇಡ. ನಾನೇ ಆಗಾಗ ಬಂದು ಎಲೆ ನೋಡ್ತೀನಿ."

ಬಾಗಿಲ ಬಳಿ ಅವನು ನಿಂತ. "ಅಮ್ಮಂಗೆ... ಏನು ಹೇಳ್ಲಿ?"

"ಹುಡುಗಿ ಒಪ್ಪಿದ್ದಾಳೆ ಅಂತ ಹೇಳಿ."

"ಮೊದ್ಲು ಗದ್ದೆ ಕೆಲಸ ಮುಗಿಸಿ, ನಾಳೆ ನಿಧಾನವಾಗಿ ಹೇಳ್ತೀನಿ..."

"ಬೇಡಪ್ಪಾ!" ಅವನು ಮೇಜಿನ ಮೇಲೆ ಮರೆತಿದ್ದ ಫೋನನ್ನು ಅವಳು ಅವನ ಮುಂದೆ ಹಿಡಿದಳು. "ಈಗಲೇ ಮಾಡಿ."