ಖಾಲಿ ಚೌಕಟ್ಟಿನ ತೂಕ

ನಾನು ಮ್ಯೂಸಿಯಂನ ಬಡಗಿ. ಮರದ ಹಲಗೆಯ ಮೇಲೆ ಬರೆದಿದ್ದ ಒಂದು ದೊಡ್ಡ ಚಿತ್ರವನ್ನು ಯಾರೋ ಚೌಕಟ್ಟಿನಿಂದ ಕಳಚಿ ಒಯ್ದು ಒಂಬತ್ತು ವರ್ಷವಾಯಿತು. ಕಳ್ಳ ಸಿಗಲಿಲ್ಲ, ಪೊಲೀಸರು ನನ್ನ ಮನೆಯನ್ನೇ ಮೂರು ಸಲ ಜಾಲಾಡಿದರು, ಹೆಂಡತಿಯ ಸೀರೆ ಪೆಟ್ಟಿಗೆಯನ್ನೂ ಬಿಡಲಿಲ್ಲ.

ಮೊನ್ನೆ ಗೋಡೆಗೆ ಬಣ್ಣ ಹೊಡೆಯಲು ಆ ಖಾಲಿ ಚೌಕಟ್ಟನ್ನು ಇಳಿಸಬೇಕಾಯಿತು. ಅದು ಕೇಸಿನ ಸಾಕ್ಷ್ಯವೆಂದು ಇನ್‌ಸ್ಪೆಕ್ಟರೂ ಬಂದಿದ್ದರು. ಕಳುವು ಗೊತ್ತಾದ ದಿನ ನಾನೊಬ್ಬನೇ ಎತ್ತಿದ್ದ ಈ ಖಾಲಿ ಚೌಕಟ್ಟಿಗೆ ಈಗ ನಾಲ್ಕು ಜನ ಬೇಕಾದರು.

“ಇದರೊಳಗೆ ಏನು ತುಂಬಿದ್ದೀಯಯ್ಯಾ?”

“ಕೈ ಹಾಕಿ ನೋಡಿ ಸಾರ್. ಒಂಬತ್ತು ವರ್ಷದಿಂದ ಹುಡುಕ್ತಾನೇ ಇದ್ದೀರಲ್ಲ.”

ಅವರ ಕೈ ಆಚೆಗೆ ತೂರಿತು. ತಟ್ಟನೆ ಹಿಂದಕ್ಕೆಳೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡರು. ಒರೆಸಿಕೊಳ್ಳುವಂಥದ್ದು ಬೆರಳಲ್ಲಿ ಏನೂ ಇರಲಿಲ್ಲ.

‘ಚೌಕಟ್ಟು ಖಾಲಿ’ ಎಂದು ಬರೆದು ನನ್ನ ಸಹಿ ಕೇಳಿದರು. ನಾನು ಹಾಕಲಿಲ್ಲ. ಮೊದಲು ಅವರೆದುರೇ ತೂಕ ಹಾಕಿಸಿದೆ.

ಅರವತ್ತೊಂದು ಕಿಲೋ. ಚಿತ್ರವಿದ್ದಾಗಲೂ ಅಷ್ಟೇ ಇತ್ತು.