ಹೆಸರು ನುಂಗುವ ಬುರುಜು

"ಒಳಗೆ ಹೋದ್ಮೇಲೆ ಮಗೂನ ಹೆಸರು ಹಿಡಿದು ಕರೀಬೇಡಿ ಮಾರಾಯ್ರೆ. ಚಪ್ಪಾಳೆ ತಟ್ಟಿ, ಕೂಸೇ ಅನ್ನಿ, ಏನ್ ಬೇಕಾದ್ರೂ ಅನ್ನಿ. ಹೆಸರು ಮಾತ್ರ ಬೇಡ."

ಕರಡಿಗಲ್ಲು ಕೋಟೆಯ ಬುಡದಲ್ಲಿ ದನ ಮೇಯಿಸುತ್ತಿದ್ದ ಗುತ್ಯಮ್ಮ ಹೀಗೆಂದಾಗ ಕಾಂತರಾಜ್ ನಕ್ಕುಬಿಟ್ಟ. ಮೈಸೂರಿನವನು, ಹಳೆಯ ಕೋಟೆಗಳ ಮೇಲೆ ಪುಸ್ತಕ ಬರೆಯುತ್ತಿದ್ದವನು. ಹೊಸನಗರದಿಂದ ತೀರ್ಥಹಳ್ಳಿಯ ಕಡೆ ಹೋಗುವಾಗ ಕಾಡಿನೊಳಗೆ ಇಂಥದೊಂದು ಕೋಟೆ ಇದೆಯೆಂದು ಯಾರೋ ಹೇಳಿದ್ದಕ್ಕೆ ಮಗಳನ್ನೂ ಕರೆದುಕೊಂಡು ಬಂದಿದ್ದ. ಮುದುಕಿಯ ಮಾತು ಎಮ್ಮೆಯ ಮೇಲೆ ಮಳೆ ಸುರಿದ ಹಾಗಾಯಿತು.

"ಗೋಡೆಗೆ ಆಧಾರ್ ಕಾರ್ಡೂ ತೋರಿಸ್ಬೇಕೇನಜ್ಜಿ?"

ಗುತ್ಯಮ್ಮ ನಗಲಿಲ್ಲ. ಮಗುವಿನ ಮುಖ ನೋಡುತ್ತಾ, ತಗ್ಗಿದ ದನಿಯಲ್ಲಿ ಕತೆ ಹೇಳಿದಳು. ಮೆಣಸಿನ ವ್ಯಾಪಾರದ ಕಾಲದಲ್ಲಿ ಇಲ್ಲಿನ ಪಾಳೇಗಾರ ಪೋರ್ಚುಗೀಸನೊಬ್ಬನನ್ನು ಘಟ್ಟ ಹತ್ತಿಸಿ ತಂದನಂತೆ. ಆ ಪರಂಗಿಯವನು ತನ್ನೂರಿನ ಪುಟ್ಟ ಕೋಟೆಯ ಅಚ್ಚಿನಲ್ಲೇ ಇದನ್ನು ಕಟ್ಟಿಸಿದ. ಸುತ್ತ ಗಿಡ್ಡ ಗೋಡೆ, ನಡುವೆ ಚೌಕದ ಬುರುಜು. ಬುರುಜಿನ ಬಾಗಿಲು ನೆಲದಲ್ಲಿಲ್ಲ, ಎರಡಾಳೆತ್ತರದಲ್ಲಿ; ಏಣಿ ಮೇಲಕ್ಕೆಳೆದುಕೊಂಡರೆ ವೈರಿ ಕೆಳಗೇ ನಿಂತು ಬಾಯಿ ಬಿಡಬೇಕು. ಆದರೆ ನಮ್ಮ ಮಳೆ ಪರಂಗಿಯವನ ಲೆಕ್ಕ ಕೇಳುತ್ತದೆಯೇ? ಕಟ್ಟಿದ್ದೆಲ್ಲ ಮತ್ತೆ ಮತ್ತೆ ಕುಸಿಯಿತು. ಕೊನೆಗೆ ಮಾಟಗಾರನೊಬ್ಬ ಬಂದು ಕಲ್ಲುಕುಟಿಗನ ಮಗಳನ್ನು ಬಲಿ ಕೇಳಿದ. ಎಳೆದು ತರುವಂತಿಲ್ಲ, ಕರೆದಾಗ ಅವಳಾಗಿಯೇ ಬರಬೇಕು. ಅಪ್ಪನೇ ಬುರುಜಿನೊಳಗೆ ನಿಂತು ಹೆಸರು ಹಿಡಿದು ಕೂಗಿದ. ಬುತ್ತಿ ತಂದಿದ್ದ ಹುಡುಗಿ ಗೋಡೆಯ ಬುಡದಲ್ಲಿ ಬಿಟ್ಟಿದ್ದ ಸಂದಿನಿಂದ ಒಳಗೆ ಓಡಿದಳು. ಅಪ್ಪ ಏಣಿ ಹತ್ತಿ ಹೊರಬಂದ. ಸಂದು ಮುಚ್ಚಿದರು. ಅವನ ಕೂಗನ್ನು ಮಾಟಗಾರ ಕಲ್ಲಿಗೆ ಕಟ್ಟಿ ಹೋದ. ಅಂಥವನನ್ನೂ ಅಪ್ಪ ಎನ್ನಬೇಕಲ್ಲ, ಕರ್ಮ.

"ಅಲ್ಲಿ ಕರೆದ್ರೆ ಮಗು ನಿಮ್ ಹತ್ರ ಬರಲ್ಲ. ಆ ಕೂಗಿನ ಹತ್ರ ಹೋಗ್ತದೆ."

ಕಾಂತರಾಜನಿಗೆ ಈಗ ನಗುವಿನ ಜೊತೆ ಸಣ್ಣ ಸಿಟ್ಟೂ ಬಂತು. ಶಿಲ್ಪಶ್ರೀ ಎಂಬುದು ಮಗಳಿಗೆ ಅವನ ಹೆಂಡತಿ ಶ್ಯಾಮಲಾ ಇಟ್ಟ ಹೆಸರು. ಆಸ್ಪತ್ರೆಯಲ್ಲಿ ಕೊನೆಗೆ ಅವಳ ಬಾಯಿಂದ ಹೊರಟದ್ದೂ ಅದೊಂದೇ. ಆ ಮಗು ಬಿಟ್ಟರೆ ಅವನಿಗೆ ಯಾರೂ ಇರಲಿಲ್ಲ. ಅವಳ ಹೆಸರು ಕರೆಯಬೇಡ ಎನ್ನಲು ಇವಳ್ಯಾರು?

ಕೋಟೆಯೊಳಗೆ ಬಾವಲಿಯ ಹಿಕ್ಕೆಯ ಘಾಟು, ಒದ್ದೆ ಗಾರೆಯ ವಾಸನೆ. ಮಧ್ಯಾಹ್ನವೇ ಮಂಜು ಇಳಿದು ಬುರುಜಿನ ನೆತ್ತಿ ಕಾಣುತ್ತಿರಲಿಲ್ಲ. ಹೊರಗೆ ಕಿವಿ ಕೊರೆಯುತ್ತಿದ್ದ ಜೀರುಂಡೆಗಳು ಇಲ್ಲಿ ಉಸಿರೆತ್ತುತ್ತಿರಲಿಲ್ಲ. ಕಾಂತರಾಜ್ ಗೋಡೆಯ ದಪ್ಪ ಅಳೆದ, ಫೋಟೋ ತೆಗೆದ. ಬುರುಜಿನ ಬುಡದಲ್ಲಿ ಕಲ್ಲೊಂದು ಜಾರಿ ಕರಿಯ ಬಿರುಕು ಬಿಟ್ಟಿತ್ತು. ಅದರೊಳಗಿಂದ ಬಾಳೆಲೆಯಲ್ಲಿ ಕಟ್ಟಿದ ಬಿಸಿ ಅನ್ನದ ವಾಸನೆ ಬಂತು. ಅವನು ತಿರುಗಿ ನೋಡಿದ. ಮಗಳು ಕಾಣಲಿಲ್ಲ.

"ಶಿಲ್ಪಶ್ರೀ!"

ಕೂಗು ಮಾರ್ದನಿಸಲಿಲ್ಲ. ಗೋಡೆ ಅದನ್ನು ನುಂಗಿಕೊಂಡಿತು. ಆಮೇಲೆ ಬಿರುಕಿನೊಳಗಿಂದ ಅವನದೇ ದನಿ, ಅವನಿಗಿಂತ ಅಕ್ಕರೆಯಿಂದ ಕರೆಯಿತು.

"ಶಿಲ್ಪಶ್ರೀ, ಬಾ ಪುಟ್ಟಾ."

ಪೊದೆಯ ಹಿಂದಿನಿಂದ ಮಗು ಎದ್ದಳು. "ಬಂದೆ ಅಪ್ಪಾ." ಅವನ ಪಕ್ಕದಲ್ಲೇ ಹಾದುಹೋದಳು. ಅವನತ್ತ ನೋಡಲಿಲ್ಲ.

"ನಿಲ್ಲು ಶಿಲ್ಪಶ್ರೀ!"

ಅವಳು ಓಡತೊಡಗಿದಳು. ಅವನು ಮತ್ತೆ ಕೂಗಿದ. ಅವಳ ಓಟ ಇನ್ನೂ ಜೋರಾಯಿತು. ಗಾಬರಿಯಾದ ಅಪ್ಪನಿಗೆ ಕೂಗುವುದು ಬಿಟ್ಟು ಇನ್ನೇನು ಗೊತ್ತಿರುತ್ತದೆ? ಅವಳ ಕೈ ಬಿರುಕಿನೊಳಗೆ ಹೋಯಿತು. ಭುಜ ಹೋಯಿತು. ಅವನು ಹಾರಿ ಅವಳ ಸೊಂಟ ಹಿಡಿದ. ಒಳಗಿನಿಂದಲೂ ಯಾರೋ ಹಿಡಿದಿದ್ದರು. ಕಲ್ಲು ಮೆಲ್ಲಗೆ ಕೂಡಿಕೊಳ್ಳುತ್ತಿತ್ತು. ಮಗು ಅಳುತ್ತಿರಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು.

ಗುತ್ಯಮ್ಮ ಹೆಬ್ಬಾಗಿಲಲ್ಲಿ ನಿಂತು ಚೀರಿದಳು. "ಎಳೀಬೇಡಿ! ಹೆಸರು ಬಿಟ್ಕೊಡಿ ಅದಕ್ಕೆ! ಆ ಹೆಸರಿನ ಮಗಳು ನಂಗಿಲ್ಲ ಅನ್ನಿ!"

"ಹೆಂಗನ್ಲಿ ಅಜ್ಜಿ!"

"ಅನ್ನಿ! ಉಳೀಬೇಕಾ ಬೇಡ್ವಾ ಮಗು?"

ಮಗುವಿನ ಕೆನ್ನೆ ಕಲ್ಲಿಗೆ ಒತ್ತಿತು. ಅವನು ಕಣ್ಣು ಮುಚ್ಚಿದ. ಶ್ಯಾಮಲಾ, ಕ್ಷಮಿಸು.

"ಶಿಲ್ಪಶ್ರೀ ಅನ್ನೋ ಮಗಳು ನನಗಿಲ್ಲ."

ಗೋಡೆ ಕೈಬಿಟ್ಟಿತು. ಇಬ್ಬರೂ ಹಿಂದಕ್ಕೆ ಬಿದ್ದರು. ಬಿರುಕು ಕೂಡಿಕೊಂಡಿತು. ಅವನು ಅವಳ ಕೈ, ತಲೆ, ಬೆರಳುಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದ. ಒಂದು ಗೀರೂ ಇರಲಿಲ್ಲ. ಎದೆಗೊತ್ತಿಕೊಂಡು ಜೋರಾಗಿ ಅತ್ತ. ಮಗು ಅವನ ತೋಳಿನಿಂದ ಕೊಸರಿಕೊಂಡು ಹೋಗಿ ಗುತ್ಯಮ್ಮನ ಸೆರಗು ಹಿಡಿದುಕೊಂಡಳು.

"ಅಜ್ಜೀ, ಈ ಅಂಕಲ್ ಯಾಕೆ ಅಳ್ತಿದಾರೆ?"

ಗುತ್ಯಮ್ಮ ತಲೆ ತಗ್ಗಿಸಿದಳು. ಕಾಂತರಾಜ್ ಮಗಳನ್ನು ಕರೆಯಲು ಬಾಯಿ ತೆರೆದ. ಕರೆಯುವುದಕ್ಕೆ ಏನೂ ಉಳಿದಿರಲಿಲ್ಲ. ಆಗ ಬೆನ್ನ ಹಿಂದೆ, ಕಲ್ಲಿನ ಆಚೆಯಿಂದ, ದಿನಾ ಬೆಳಿಗ್ಗೆ ಅವನನ್ನು ಎಬ್ಬಿಸುತ್ತಿದ್ದ ದನಿ ಕೇಳಿತು.

"ಅಪ್ಪಾ, ನೀನು ಕರೆದೆ ಅಂತ ಬಂದೆ. ನೀನೆಲ್ಲಿದೀಯ?"