ಸತ್ತ ಮಣ್ಣಿನಲ್ಲಿ ಟೊಮೆಟೊ ಸಸಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಯೋಜನಾಧಿಕಾರಿ ಕುರ್ಚಿಯ ತುದಿಯಲ್ಲಿ ಕೂತು, ಹೇಳಲೋ ಬೇಡವೋ ಎಂಬಂತೆ ಎರಡು ಸಲ ಗಂಟಲು ಸರಿಮಾಡಿಕೊಂಡರು. ಇನ್ಸ್‌ಪೆಕ್ಟರ್ ಮೇಜಿನ ಆಚೆ ಕಾಯುತ್ತಿದ್ದಳು. ರಾತ್ರಿಯೆಲ್ಲ ಮಗನ ಜ್ವರ ನೋಡಿಕೊಂಡು ಕಣ್ಣು ಉರಿಯುತ್ತಿತ್ತು. ಯಾರಾದರೂ ನೇರವಾಗಿ ಮಾತಾಡಿದರೆ ಸಾಕಾಗಿತ್ತು.

"ನಮ್ಮ ಮಣ್ಣು ಬದಲಾಗಿದೆ ಮೇಡಂ."

ಬಾಗಿಲ ಬಳಿ ನಿಂತಿದ್ದ ದಫೇದಾರರು ಪೆನ್ನು ತೆಗೆದರು. "ಮಣ್ಣು ಕಳುವಾಗಿದೆ ಅಂತ ಬರ್ಕೊಳ್ಳಲಾ ಸರ್, ಇಲ್ಲಾ ಹೆಚ್ಚಾಗಿದೆ ಅಂತಾನಾ?"

ಅಧಿಕಾರಿಗೆ ನಗು ಬರಲಿಲ್ಲ. ವಿಷಯ ಇಷ್ಟು: ಊರ ನಡುವೆ ಹದಿನೆಂಟು ವರ್ಷದಿಂದ ಮುಚ್ಚಿಬಿದ್ದಿರುವ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯನ್ನು ಕೆಡವಿ, ಆ ಜಾಗದಲ್ಲಿ ಮನೆಗಳನ್ನೂ ಮಕ್ಕಳ ಪಾರ್ಕನ್ನೂ ಕಟ್ಟುವ ಯೋಜನೆ ಅವರ ಕೈಯಲ್ಲಿದೆ. ಆರು ಕಡೆ ಮಣ್ಣು ತೆಗೆದು, ಗಾಜಿನ ಜಾಡಿಗಳಿಗೆ ತುಂಬಿ, ಅರಗಿನ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸಿದ್ದರು. ಅಲ್ಲಿಯ ಯಂತ್ರ ಕೆಟ್ಟು, ಜಾಡಿಗಳು ಮೂರು ವಾರ ಕಿಟಕಿಯ ಬಳಿ ಕೂತವು. ಶನಿವಾರ ಅಲ್ಲಿಂದ ಫೋನ್ ಬಂತು. ಮೂರು ಜಾಡಿಗಳಲ್ಲಿ ಗಿಡ ಹುಟ್ಟಿದೆ.

"ಹುಟ್ಟಿದ್ರೆ ಒಳ್ಳೇದಲ್ವಾ?" ಇನ್ಸ್‌ಪೆಕ್ಟರ್ ಕೇಳಿದಳು.

"ಆ ಜಾಗದಲ್ಲಿ ಹುಲ್ಲೂ ಹುಟ್ಟಲ್ಲ ಮೇಡಂ. ಹಿಂದೆ ಎರಡು ಸಲ ಪರೀಕ್ಷೆ ಮಾಡಿಸಿದ್ವಿ. ಎರಡೂ ಸಲ ವಿಷ ಅಂತ ಬಂತು, ಯೋಜನೆ ಬಿದ್ದುಹೋಯ್ತು. ಈ ಸಲದ ವರದಿ ಮೇಲೆ ಮುಂದಿನ ಶುಕ್ರವಾರ ಮಂಜೂರಾತಿ ಸಭೆ. ಈ ಜಾಡಿಗಳನ್ನ ನಂಬಿ ಕಟ್ಟಿದ್ರೆ, ನಾಳೆ ಮಕ್ಕಳು ವಿಷದ ಮೇಲೆ ಆಡ್ತಾರೆ."

"ಹಣ ಯಾರದು?"

"ಅರ್ಧ ಸರ್ಕಾರದ ಪುನಶ್ಚೇತನ ನಿಧಿ. ಉಳಿದದ್ದು ನಗರಸಭೆ, ಬಿಲ್ಡರು. ಮಣ್ಣು ಶುದ್ಧ ಇದ್ರೆ ಮಾತ್ರ ನಿಧಿ ಬರೋದು."

"ಶುದ್ಧ ಮಾಡೋಕೆ ದುಡ್ಡಿಲ್ವಾ?"

"ಅದಕ್ಕೆ ಬೇರೆ ನಿಧಿ ಇದೆ. ಆದ್ರೆ ಯೋಜನೆ ಮಂಜೂರಾದ ಜಾಗಕ್ಕೆ ಮಾತ್ರ ಕೊಡ್ತಾರೆ."

ದಫೇದಾರರು ಬರೆಯುವುದನ್ನು ನಿಲ್ಲಿಸಿದರು. "ಅಂದ್ರೆ ಕಾಯಿಲೆ ಇಲ್ಲ ಅಂತ ಸರ್ಟಿಫಿಕೇಟ್ ತಂದ್ರೆ ಔಷಧಿ ಕೊಡ್ತಾರೆ."

ಅಧಿಕಾರಿ ತಲೆ ತಗ್ಗಿಸಿದರು. ವಂಚನೆ ಮತ್ತು ಮೊಹರಿನ ದುರ್ಬಳಕೆ ಎಂದು ಎಫ್‌ಐಆರ್ ದಾಖಲಾಯಿತು. ಆಗ ಗಂಟೆ ಹನ್ನೊಂದೂಕಾಲು.

ಅದೇ ಮಧ್ಯಾಹ್ನ ಸ್ಥಳ ಪಂಚನಾಮೆ. ಕಾರ್ಖಾನೆಯ ಗೇಟಿನ ಬೀಗ ತುಕ್ಕು ಹಿಡಿದು ಯಾವ ಕೀಲಿಗೂ ಬಗ್ಗಲಿಲ್ಲ. ದಾರಿ ತೋರಿಸಲು ಯೋಜನಾ ಕಚೇರಿಯಿಂದ ಒಬ್ಬ ಹೆಂಗಸು ಬಂದಿದ್ದಳು. ಕಚೇರಿಗೂ ಅಕ್ಕಪಕ್ಕದ ನಿವಾಸಿಗಳಿಗೂ ನಡುವೆ ಓಡಾಡುವುದು ಅವಳ ಕೆಲಸ. ಸಭೆಗೆ ಜನರನ್ನು ಕರೆತರುವುದು, ಅವರ ಬೈಗುಳವನ್ನು ಕಚೇರಿಗೆ ಮುಟ್ಟಿಸುವುದು, ಕಚೇರಿಯ ಸಬೂಬನ್ನು ಅವರಿಗೆ ಮುಟ್ಟಿಸುವುದು. ಎಲ್ಲರೂ ಅವಳನ್ನು ಸಂಪರ್ಕದಕ್ಕ ಎನ್ನುತ್ತಿದ್ದರು.

"ಗೇಟು ಬಿಡಿ ಮೇಡಂ. ಎಲ್ಲರೂ ಹೋಗೋದು ಇಲ್ಲಿಂದ." ಹಿಂದಿನ ಬೀದಿಯ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಇಟ್ಟಿಗೆಯ ಅಂಚುಗಳು ಮಕ್ಕಳ ಮೈ ಉಜ್ಜಿ ಉಜ್ಜಿ ನುಣುಪಾಗಿದ್ದವು. ದಫೇದಾರರ ಹೊಟ್ಟೆ ಅರ್ಧಕ್ಕೇ ಸಿಕ್ಕಿಕೊಂಡಿತು. "ಇದು ಇಲಾಖೆ ಕೊಟ್ಟ ಹೊಟ್ಟೆ, ಇಲಾಖೆ ಕೆಲಸಕ್ಕೇ ಅಡ್ಡ ಬರುತ್ತೆ," ಎನ್ನುತ್ತಾ ಉಸಿರೆಳೆದುಕೊಂಡು ಒಳನುಗ್ಗಿದರು.

ಒಳಗೆ ನೆಲ ಬೋಳು. ಅಲ್ಲಲ್ಲಿ ನೇರಳೆ, ಅಲ್ಲಲ್ಲಿ ಹಸಿರು ಮಿಶ್ರಿತ ಹಳದಿ. ಔಷಧಿ ಅಂಗಡಿಯ ಹಿತ್ತಿಲಿನಂಥ ವಾಸನೆ. ಚಾವಣಿ ಕುಸಿದ ಉದ್ದನೆಯ ಹಾಲಿನಲ್ಲಿ ಸುಣ್ಣದ ಗೆರೆ ಎಳೆದು ಆಟದ ಅಂಕಣ ಮಾಡಿದ್ದರು. ತೊಲೆಗೆ ಹಗ್ಗ ಕಟ್ಟಿ ಜೋಕಾಲಿ. ಅದರಿಂದ ಹತ್ತು ಹೆಜ್ಜೆ ಆಚೆ ಬಟ್ಟೆ ಅದ್ದುತ್ತಿದ್ದ ತೊಟ್ಟಿಗಳು, ಒಂದೊಂದೂ ಎರಡಾಳು ಆಳ. ಒಂದರ ಮೇಲೆ ಮಾತ್ರ ಹಲಗೆ ಹಾಸಿತ್ತು.

"ಹಲಗೆ ಮೇಲೆ ಕಾಲಿಡಬೇಡಿ ಮೇಡಂ," ಎಂದಳು ಸಂಪರ್ಕದಕ್ಕ. ಅವಳು ಮಾತ್ರ ತೊಟ್ಟಿಯ ಕಡೆ ನೋಡುತ್ತಿರಲಿಲ್ಲ.

"ಇದನ್ನ ಮುಚ್ಚಿಸಿ ಅಂತ ಯಾರೂ ಕೇಳಿಲ್ವಾ?"

"ಕೇಳಿದೀವಿ. ನಗರಸಭೆಯವ್ರು ಜಾಗ ನಮ್ಮದಲ್ಲ ಅಂದ್ರು. ಮಾಲೀಕರ ಕಂಪನಿ ಮುಳುಗಿಹೋಗಿ ಜಾಗ ಕೋರ್ಟಿನ ಕೈಯಲ್ಲಿದೆ. ಕೋರ್ಟಿನೋರು ಯೋಜನೆ ಬರ್ತಿದೆಯಲ್ಲ, ಆಗ ಎಲ್ಲಾ ಕೆಡವ್ತಾರೆ ಅಂದ್ರು."

ಆರು ಗುಂಡಿಗಳ ಗುರುತು ಹಾಗೇ ಇತ್ತು. ಇಬ್ಬರು ಪಂಚರ ಎದುರು ಅಳತೆ ತೆಗೆದು, ಹೊಸದಾಗಿ ಮಣ್ಣು ತುಂಬಿಸಿಕೊಂಡು, ನಾಲ್ಕು ಗಂಟೆಗೆ ಹೊರಬಂದರು. ಇನ್ಸ್‌ಪೆಕ್ಟರ್ ಹಾಕಿದ್ದ ಬೂಟಿನ ಅಂಚು ನೇರಳೆಯಾಗಿತ್ತು. ಮನೆಗೆ ಹೋದ ಮೇಲೆ ಉಜ್ಜಿದರೂ ಹೋಗಲಿಲ್ಲ.

ಮಂಗಳವಾರ ಬಿಲ್ಡರನ್ನು ಕರೆಸಿದರು. ಲಾಭ ಯಾರಿಗೋ ಅನುಮಾನ ಅವರ ಮೇಲೆ, ಇದು ಠಾಣೆಯ ಮೊದಲ ಪಾಠ.

"ಮಣ್ಣು ಚೆನ್ನಾಗಿದೆ ಅಂತ ವರದಿ ಬಂದ್ರೆ ನಿಮಗೆ ಕೆಲಸ ಸಿಗುತ್ತೆ."

"ಸಿಗುತ್ತೆ. ಆದ್ರೆ ಜಾಗಕ್ಕೆ ಪೂರ್ತಿ ಬೆಲೆ ಕೊಡಬೇಕು," ಎಂದ ಬಿಲ್ಡರು ಕೈಗಡಿಯಾರ ತಿರುಗಿಸಿದರು. "ಕೆಟ್ಟಿದೆ ಅಂತ ಬಂದ್ರೆ ಯೋಜನೆ ಬೀಳುತ್ತೆ, ಕೋರ್ಟು ಹರಾಜಿಗೆ ಹಾಕುತ್ತೆ. ನಾನು ಅರ್ಧ ಬೆಲೆಗೆ ತಗೊಂಡು, ಮೇಲೆ ಕಾಂಕ್ರೀಟ್ ಸುರಿದು ಗೋದಾಮು ಕಟ್ತೀನಿ. ವಿಷ ಅಂತ ಬರ್ಲಿ ಅಂತಾನೇ ನಾನು ಕಾಯ್ತಿರೋದು. ಬರ್ಕೊಳ್ಳಿ, ನಾಚಿಕೆ ಏನಿಲ್ಲ."

ಮಾತು ಕಹಿಯಾಗಿತ್ತು, ಆದರೆ ಸುಳ್ಳಾಗಿರಲಿಲ್ಲ. ಯೋಜನಾಧಿಕಾರಿ ಅದನ್ನು ದೃಢಪಡಿಸಿದರು.

ಬುಧವಾರ ಪ್ರಯೋಗಾಲಯ. ಮೂರು ಜಾಡಿಗಳು ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದವು. ಮೊಹರು ಒಡೆದಿರಲಿಲ್ಲ. ಗಾಜಿನ ಒಳಗೆ ಬೆವರಿದಂತೆ ನೀರಹನಿ, ಅದರ ನಡುವೆ ಗರಗಸದಂಥ ಎಲೆಯ ಎಳೆ ಸಸಿಗಳು. ಇನ್ಸ್‌ಪೆಕ್ಟರ್ ಬಗ್ಗಿ ನೋಡಿದಳು. ಅವಳ ಮನೆಯ ಬಾಲ್ಕನಿಯ ಕುಂಡದಲ್ಲೂ ಇದೇ ಗಿಡ ಕರೆಯದೇ ಬರುತ್ತಿತ್ತು. ಅಡುಗೆಮನೆಯ ಕಸ ಸುರಿದ ಕಡೆಯೆಲ್ಲ ಟೊಮೆಟೊ ಏಳುತ್ತದೆ.

"ಇದು ಮನೆಯೊಂದರ ಕುಂಡದ ಮಣ್ಣು," ಎಂದಳು.

ಪಂಚರ ಎದುರು ಒಂದು ಜಾಡಿಯ ಮಣ್ಣನ್ನು ತಟ್ಟೆಗೆ ಸುರಿದರು. ಕಪ್ಪಗೆ, ಪುಡಿಪುಡಿಯಾಗಿ, ಯಾರೋ ವರ್ಷಗಟ್ಟಲೆ ಸಾಕಿದ ಮಣ್ಣು. ಟೀಪುಡಿಯ ಚರಟ. ಮೊಟ್ಟೆಯ ಸಿಪ್ಪೆ. ಅದರ ಜೊತೆ ಸುರುಳಿ ಸುತ್ತಿದ ತೆಳು ಮರದ ಚೂರುಗಳು, ಅಂಚಿನಲ್ಲಿ ಕೆಂಪು, ನೀಲಿ.

"ಬಣ್ಣದ ಪೆನ್ಸಿಲ್ ಸಿಪ್ಪೆ," ಎಂದರು ದಫೇದಾರರು. "ಮನೇಲಿ ಓದೋ ಮಗು ಇದೆ."

ಉಳಿದ ಎರಡು ಜಾಡಿಗಳನ್ನು ಸಸಿಯ ಸಮೇತ ವಶಪಡಿಸಿಕೊಂಡು ಠಾಣೆಯ ಮುದ್ದೆಮಾಲು ಕೋಣೆಗೆ ತಂದರು. ಸಂಜೆ ಕಾವಲಿದ್ದ ಪೇದೆ ಬಾಗಿಲಲ್ಲಿ ಇಣುಕಿದ. "ಮೇಡಂ, ಮುದ್ದೆಮಾಲಿಗೆ ನೀರು ಹಾಕಬಹುದಾ? ಸಾಕ್ಷ್ಯನಾಶ ಆಗುತ್ತಾ?"

"ಹಾಕದಿದ್ರೆ ನಾಶ ಆಗುತ್ತೆ," ಎಂದರು ದಫೇದಾರರು.

ಒಡೆಯದ ಮೊಹರು ಇನ್ಸ್‌ಪೆಕ್ಟರ್ ತಲೆಯಲ್ಲಿ ಕೊರೆಯುತ್ತಿತ್ತು. ಮಣ್ಣು ಬದಲಾದದ್ದು ಮೊಹರು ಬೀಳುವ ಮೊದಲು.

ಗುರುವಾರ ಮಣ್ಣು ತೆಗೆದ ತಂತ್ರಜ್ಞನನ್ನು ಕೂರಿಸಿದರು. ಗುತ್ತಿಗೆಯ ಮೇಲೆ ಊರೂರು ಸುತ್ತುವ, ಹುಡುಗನೂ ಅಲ್ಲದ ಮುದುಕನೂ ಅಲ್ಲದ ಮನುಷ್ಯ.

"ಮೊಹರು ಹಾಕಿದ್ದು ಯಾರು?"

"ನಾನೇ ಮೇಡಂ. ಸಹಿ ಇದೆಯಲ್ಲ."

"ಸಹಿ ಕೇಳ್ತಿಲ್ಲ. ಕೈ ಯಾರದು?"

ಅವನು ಕಾಲ ಬೆರಳನ್ನು ನೆಲಕ್ಕೆ ಒತ್ತಿದ. "ಅವತ್ತು ಕೊನೆ ಬಸ್ಸು ತಪ್ಪಿಹೋಗೋದರಲ್ಲಿತ್ತು. ಕಚೇರಿಯಲ್ಲಿ ಅರಗು ಕಾಯಿಸೋಕೂ ಏನೂ ಇರ್ಲಿಲ್ಲ. ಸಂಪರ್ಕದಕ್ಕ ಅಂದ್ರು, ನಮ್ಮನೆ ಪಕ್ಕದಲ್ಲೇ ಇದೆ, ಸ್ಟವ್ ಇದೆ, ನಾನೇ ಹಾಕಿ ಕಳಿಸ್ತೀನಿ, ನೀವು ಹೊರಡಿ ಅಂತ. ಒಳ್ಳೆ ಹೆಂಗಸು ಮೇಡಂ. ದಾರಿಗೆ ಅಂತ ಬ್ರೆಡ್ ಕಟ್ಟಿಕೊಟ್ರು."

ದಫೇದಾರರು ಇನ್ಸ್‌ಪೆಕ್ಟರ್ ಮುಖ ನೋಡಿದರು. ಅವಳಿಗೆ ಹಲಗೆ ನೆನಪಾಯಿತು. ಅದರ ಕಡೆ ನೋಡದ ಕಣ್ಣು ನೆನಪಾಯಿತು. ಈ ದಾರಿ ಬೇರೆಲ್ಲಿಗಾದರೂ ತಿರುಗಬಾರದೇ ಅನ್ನಿಸಿತು. ಆದರೆ ಜೀಪು ಹೊರಟಾಗಿತ್ತು.

ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಮನೆಗಳೆಲ್ಲ ಗೋಡೆಗೆ ಮುಖ ಮಾಡಿದ್ದವು. ಕಿಂಡಿಯ ಸರಿಯಾಗಿ ಎದುರಿನ ಮನೆಯ ಮೆಟ್ಟಿಲ ಮೇಲೆ ಐದು ಕುಂಡಗಳಿದ್ದವು. ಎರಡರಲ್ಲಿ ಗಿಡ. ಉಳಿದ ಮೂರರಲ್ಲಿ ಮಣ್ಣು ಅರ್ಧಕ್ಕಿಂತ ಕೆಳಗಿತ್ತು. ಮೆಟ್ಟಿಲಲ್ಲಿ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಪುಸ್ತಕ ಹರಡಿಕೊಂಡು, ನೀಲಿ ಪೆನ್ಸಿಲನ್ನು ಮೊನೆ ಮಾಡಿ ಸಿಪ್ಪೆಯನ್ನು ಕುಂಡಕ್ಕೆ ಉದುರಿಸುತ್ತಿದ್ದಳು.

"ಕಸ ಯಾಕೆ ಅಲ್ಲಿಗೆ ಹಾಕ್ತೀಯ ಪುಟ್ಟಾ?" ಎಂದಳು ಇನ್ಸ್‌ಪೆಕ್ಟರ್.

"ಕಸ ಅಲ್ಲ, ಗಿಡಕ್ಕೆ ಊಟ. ಅಮ್ಮ ಹೇಳಿದಾಳೆ." ಹುಡುಗಿ ಎದ್ದು ಒಳಗೆ ಹೋದಳು. ಬಲಗಾಲು ಎಳೆಯುತ್ತಿತ್ತು. "ಅಮ್ಮಾ, ಪೊಲೀಸ್ ಆಂಟಿ."

ಸಂಪರ್ಕದಕ್ಕ ಬಾಗಿಲಿಗೆ ಬಂದು, ಮೊದಲು ಕುಂಡ ನೋಡಿದಳು, ಆಮೇಲೆ ಅವರನ್ನು.

"ಒಳಗೆ ಬನ್ನಿ. ಮಗುವಿನ ಎದುರಿಗೆ ಬೇಡ. ಅಮ್ಮಾ, ಇವಳನ್ನ ಸ್ವಲ್ಪ ಹಿಂದಕ್ಕೆ ಕರ್ಕೊಂಡು ಹೋಗು."

ಅಜ್ಜಿ ಮೊಮ್ಮಗಳ ಕೈ ಹಿಡಿದು ಹಿತ್ತಿಲಿಗೆ ನಡೆದಳು. ಕೋಣೆಯಲ್ಲಿ ಒಂದು ಮಂಚ, ಒಂದು ಹೊಲಿಗೆ ಯಂತ್ರ, ಗೂಟಕ್ಕೆ ನೇತುಹಾಕಿದ ಚಿಕ್ಕ ಊರುಗೋಲು. ಕಿಟಕಿಯಿಂದ ಕಿಂಡಿ ಕಾಣುತ್ತಿತ್ತು.

"ಜಾಡಿಗೆ ಮಣ್ಣು ತುಂಬಿದ್ದು ನೀವಾ?"

"ಹೌದು."

"ಮೊದಲಿದ್ದ ಮಣ್ಣು?"

"ವಾಪಸ್ ಅಲ್ಲೇ ಹಾಕಿದೆ. ಆರೂ ಜಾಡಿದು."

"ಯಾರು ಹೇಳಿದ್ರು?"

"ಯಾರೂ ಇಲ್ಲ."

"ಯಾರಾದ್ರೂ ಏನಾದ್ರೂ ಕೊಟ್ರಾ?"

"ಯಾರು ಕೊಡ್ತಾರೆ ಮೇಡಂ? ಯೋಜನೆ ಮುಗಿದ್ರೆ ನನ್ನ ಕೆಲಸಾನೂ ಮುಗೀತು."

"ಮತ್ಯಾಕೆ?"

ಅವಳು ಗೂಟದ ಕಡೆ ಕೈ ತೋರಿಸಿದಳು. "ಹೋದ ವರ್ಷ ಆ ತೊಟ್ಟಿಗೆ ಬಿದ್ಲು. ಕತ್ತಲಾಗೋವರೆಗೂ ಕೂಗ್ತಾ ಇದ್ಲಂತೆ. ನಾನು ಅವತ್ತು ಕಚೇರಿಯಲ್ಲಿ, ಪಾರ್ಕ್ ಹೇಗಿರಬೇಕು ಅನ್ನೋ ಸಭೆಯಲ್ಲಿದ್ದೆ." ಓರೆಯಾಗಿದ್ದ ಊರುಗೋಲನ್ನು ನೆಟ್ಟಗೆ ಮಾಡಿದಳು. "ಕಾಲು ಇಷ್ಟು ಸರಿಹೋಗಿದ್ದೇ ಪುಣ್ಯ ಅಂದ್ರು ಡಾಕ್ಟ್ರು. ಸರಿಹೋದ ವಾರವೇ ಮತ್ತೆ ಒಳಗೆ ಹೋದ್ಲು. ಬಿದ್ದವಳೇ ಮತ್ತೆ ಹೋಗ್ತಾಳೆ ಮೇಡಂ. ಹೊಡೆದೆ, ಕೂಡಿಹಾಕಿದೆ. ಬೀದಿ ಮಕ್ಕಳೆಲ್ಲ ಅಲ್ಲಿರ್ತಾರೆ, ಇವಳೊಬ್ಬಳು ಎಲ್ಲಿ ಆಡ್ಬೇಕು? ಕಿಂಡಿಗೆ ಎರಡು ಸಲ ಇಟ್ಟಿಗೆ ಕಟ್ಟಿಸಿದೆ. ಎರಡು ಸಲಾನೂ ಕಿತ್ತರು. ಆ ಹಲಗೆ ನಾನೇ ಹಾಕಿದ್ದು. ಉಳಿದ ತೊಟ್ಟಿಗೆ ಹಲಗೆ ಸಿಗಲಿಲ್ಲ."

"ಅದೇ ವಿಷದ ಮಣ್ಣಿನ ಮೇಲೆ ಮನೆ ಕಟ್ತಿದ್ರು. ಪಾರ್ಕ್ ಮಾಡ್ತಿದ್ರು. ಯೋಚನೆ ಮಾಡ್ಲಿಲ್ವಾ?"

"ಈಗಲೂ ಅದೇ ಮಣ್ಣಲ್ಲೇ ಆಡ್ತಿದಾರೆ. ಆಗ ತೊಟ್ಟಿಯಾದ್ರೂ ಇರ್ತಿರ್ಲಿಲ್ಲ. ಮಂಜೂರಾದ್ಮೇಲೆ ನಿಜ ಹೇಳಿದ್ರೆ ಶುದ್ಧ ಮಾಡೋ ದುಡ್ಡೂ ಬರುತ್ತೆ ಅಂದ್ಕೊಂಡೆ. ಆಮೇಲೆ ಹೇಳೋ ಧೈರ್ಯ ಬರ್ತಿತ್ತೋ ಇಲ್ವೋ, ಗೊತ್ತಿಲ್ಲ. ಅದೂ ನಿಜ."

ದಫೇದಾರರು ತಡೆಯಲಾರದೆ ಕೇಳಿದರು. "ಅಲ್ಲಮ್ಮಾ, ರಸ್ತೆ ಬದಿ ಮಣ್ಣು ಹಾಕಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಕುಂಡದ್ದೇ ಯಾಕೆ?"

"ಪರೀಕ್ಷೆಗೆ ಅಲ್ವಾ," ಎಂದಳು ಅವಳು, ಇದನ್ನೂ ಹೇಳಬೇಕೇ ಎಂಬಂತೆ. "ಇದ್ದುದರಲ್ಲಿ ಒಳ್ಳೇದು ಹಾಕಿದೆ."

ಸಂಜೆ ಐದೂಮುಕ್ಕಾಲಿಗೆ ದಸ್ತಗಿರಿ ಮೆಮೊಗೆ ಸಹಿ ಆಯಿತು. ಹೊರಡುವಾಗ ಅವಳು ಅಜ್ಜಿಗೆ ಹೇಳಿದ್ದು ಒಂದೇ: "ಶಾಲೆ ಬಿಟ್ಟ ತಕ್ಷಣ ಕೈ ಹಿಡ್ಕೊಂಡು ಬಾ. ಬಿಡಬೇಡ." ಹುಡುಗಿ ಮೆಟ್ಟಿಲಲ್ಲಿ ನಿಂತು ಜೀಪನ್ನು ನೋಡಿದಳು. ಅಳಲಿಲ್ಲ. ಅಮ್ಮ ಇನ್ನೊಂದು ಸಭೆಗೆ ಹೊರಟಿದ್ದಾಳೆ ಎಂದುಕೊಂಡಿರಬೇಕು.

ಶುಕ್ರವಾರ ಯೋಜನಾಧಿಕಾರಿಗೆ ತಿಳಿಸಿದರು. ನಿಧಿ ಹಿಂದಕ್ಕೆ ಹೋಗುತ್ತದೆ, ಜಾಗ ಹಾಗೇ ಉಳಿಯುತ್ತದೆ, ಇನ್ನೊಂದು ಅರ್ಜಿಗೆ ಎರಡು ವರ್ಷ ಕಾಯಬೇಕು ಎಂದರು. ದೂರು ಕೊಟ್ಟದ್ದು ಸರಿಯಾಗಿಯೇ ಇತ್ತು. ಸರಿಯಾದದ್ದನ್ನೇ ಮಾಡಿ ಅವರಿಗೂ ಇನ್ಸ್‌ಪೆಕ್ಟರಿಗೂ ನಿದ್ದೆ ಕೆಟ್ಟಿತ್ತು.

ರಿಮಾಂಡ್ ಅರ್ಜಿಯಲ್ಲಿ 'ಕೃತ್ಯದ ಉದ್ದೇಶ' ಎಂಬ ಕಡೆ ಬರಹಗಾರ ರೂಢಿಯಂತೆ 'ಅಕ್ರಮ ಲಾಭ' ಎಂದು ತುಂಬಿದ್ದ. ಇನ್ಸ್‌ಪೆಕ್ಟರ್ ಅದನ್ನು ಹೊಡೆದುಹಾಕಿ, ತನ್ನ ಕೈಯಾರೆ ಬರೆದಳು: ತೊಟ್ಟಿ ಮುಚ್ಚಿಸುವುದು. ಆಮೇಲೆ ಇನ್ನೊಂದು ಹಾಳೆ ಎಳೆದುಕೊಂಡು, ಕಾರ್ಖಾನೆಯ ಒಳಭಾಗ ಕೃತ್ಯದ ಸ್ಥಳವಾಗಿದ್ದು ಸಾಕ್ಷ್ಯ ಕೆಡದಂತೆ ಗೋಡೆಯ ಕಿಂಡಿಗೆ ಪೊಲೀಸ್ ಕಾವಲು ಹಾಕಬೇಕೆಂದು ಆದೇಶ ಬರೆದಳು.

ದಫೇದಾರರು ಓದಿದರು. "ಎಷ್ಟು ದಿನ ಮೇಡಂ? ನಮ್ಮಲ್ಲಿ ಜನ ಇಲ್ಲ."

"ತನಿಖೆ ಮುಗಿಯೋವರೆಗೂ."

"ಮುಗಿದಿದೆಯಲ್ಲ."

"ನಾನು ಮುಗೀತು ಅಂದಾಗ ಮುಗಿಯುತ್ತೆ."

ಶನಿವಾರ ಸಂಜೆ ಕಿಂಡಿಯ ಬಳಿಯಿಂದ ಪೇದೆಯ ಫೋನ್ ಬಂತು. ಇನ್ಸ್‌ಪೆಕ್ಟರ್ ಮಗನಿಗೆ ಗಂಜಿ ಕುಡಿಸುತ್ತಿದ್ದಳು. ಭುಜಕ್ಕೆ ಫೋನ್ ಒತ್ತಿಕೊಂಡು ಕೇಳಿದಳು.

"ಮೇಡಂ, ಇಲ್ಲೊಂದು ಹುಡುಗಿ. ಕಾಲು ಸ್ವಲ್ಪ ಎಳೀತಾಳೆ. ಮೂರನೇ ಸಲ ಬಂದು ಕೇಳ್ತಿದಾಳೆ, ಅಂಕಲ್ ನೀವು ಎಷ್ಟು ಹೊತ್ತಿಗೆ ಹೋಗ್ತೀರಾ ಅಂತ. ಏನು ಹೇಳಲಿ?"

ಚಮಚ ಮಗನ ಬಾಯಿಯ ಹತ್ತಿರವೇ ನಿಂತಿತು.

"ಹೋಗಲ್ಲ ಅಂತ ಹೇಳಪ್ಪಾ," ಎಂದಳು.